ಕೈಸಾಲಕ್ಕೆ ಯಾವ ಕಾಗದ? ಪ್ರೋನೋಟು, ಕರಾರು ಪತ್ರ, ಚೆಕ್, ಆಧಾರ ಪತ್ರಗಳ ಹೋಲಿಕೆ

ಪರಿಚಯದವರಿಗೆ ಒಂದೆರಡು ಲಕ್ಷ ಕೈಸಾಲ ಕೊಡುವಾಗ ನಮ್ಮಲ್ಲಿ ಒಂದು ರೂಢಿ ಇದೆ. ಇ-ಸ್ಟ್ಯಾಂಪ್ ಕಾಗದ ತಂದು, ಕೋರ್ಟಿನ ಎದುರಿನ ಟೈಪಿಂಗ್ ಅಂಗಡಿಯಲ್ಲಿ ‘ಸಾಲದ ಕರಾರು ಪತ್ರ’ ಎಂದು ಹೊಡೆಸಿ, ಇಬ್ಬರು ಸಾಕ್ಷಿ ಹಾಕಿಸಿ, ಜೊತೆಗೊಂದು ಸಹಿ ಮಾಡಿದ ಖಾಲಿ ಚೆಕ್ ಇಟ್ಟುಕೊಳ್ಳುವುದು. ನೋಡಲು ಬಲು ಭದ್ರ. ಕೋರ್ಟಿಗೆ ಹೋದ ಮೇಲೆ ಗೊತ್ತಾಗುತ್ತದೆ: ಕಾಗದಕ್ಕೆ ಮುದ್ರಾಂಕ ಶುಲ್ಕ ಸಾಲದು, ಚೆಕ್ಕಿನ ಮೊತ್ತಕ್ಕೂ ಪತ್ರದ ಮೊತ್ತಕ್ಕೂ ತಾಳೆಯಿಲ್ಲ, ಹಣ ಕೊಟ್ಟಿದ್ದಕ್ಕೆ ಬೇರೆ ಪುರಾವೆಯೂ ಇಲ್ಲ.

ಯಾವ ಕಾಗದ ಬೇಕು ಎನ್ನುವುದು ಸಾಲದ ಮೊತ್ತಕ್ಕಿಂತ ಹೆಚ್ಚಾಗಿ ಹಣ ಹೇಗೆ ವಾಪಸು ಬರಬೇಕು ಎಂಬುದರ ಮೇಲೆ ನಿಂತಿದೆ. ಕೇಳಿದಾಗ ಇಡಿಗಂಟಾಗಿ ಬರಬೇಕಾದರೆ ಬೇಡಿಕೆ ಪ್ರೋನೋಟು, ಎಂದರೆ ಕೇಳಿದ ಕೂಡಲೇ ಹಣ ಕೊಡುತ್ತೇನೆಂದು ಸಾಲಗಾರ ಸಹಿ ಮಾಡಿಕೊಟ್ಟ ವಾಗ್ದಾನ. ಕಂತು, ಷರತ್ತು, ಗಡುವು ಇದ್ದರೆ ಕರಾರು ಪತ್ರ. ಕಳೆದುಕೊಂಡರೆ ತಡೆದುಕೊಳ್ಳಲಾಗದಷ್ಟು ದೊಡ್ಡ ಮೊತ್ತವಾದರೆ ಆಸ್ತಿಯ ಆಧಾರ ಪತ್ರ (ಅಡಮಾನ ಪತ್ರ). ಚೆಕ್ ಇವುಗಳ ಜೊತೆಗೆ ಇರಬೇಕಾದ್ದು, ಇವುಗಳ ಬದಲಿಗೆ ಅಲ್ಲ.

ಕಾಗದಕ್ಕಿಂತ ಮೊದಲು ಹಣದ ಜಾಡು

ಯಾವ ಪತ್ರ ಆರಿಸಿಕೊಂಡರೂ ಹಣ ಬ್ಯಾಂಕಿನಿಂದ ಬ್ಯಾಂಕಿಗೇ ಹೋಗಲಿ. 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಸಾಲವನ್ನು ನಗದಾಗಿ ಪಡೆಯುವುದನ್ನೂ ತೀರಿಸುವುದನ್ನೂ ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಅಷ್ಟೇ ಮೊತ್ತದ್ದು. ಎರಡು ಲಕ್ಷ ನಗದು ಪಡೆದವನಿಗೆ ಎರಡು ಲಕ್ಷ ದಂಡ ಬೀಳಬಹುದು. ಇಬ್ಬರಿಗೂ ಕೃಷಿ ಆದಾಯ ಮಾತ್ರ ಇದ್ದು, ತೆರಿಗೆಗೆ ಒಳಪಡುವ ಬೇರೆ ಆದಾಯ ಇಲ್ಲದಿದ್ದರೆ ವಿನಾಯಿತಿ ಇದೆ. ನಗದಾಗಿ ಕೊಟ್ಟ ಮಾತ್ರಕ್ಕೆ ಸಾಲವೇ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ, ನಿಜ. ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ, ಬೆಂಗಳೂರಿನ ಆಸ್ತಿಯೊಂದರ ವ್ಯಾಜ್ಯದಲ್ಲಿ, ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇನೆ ಎಂದು ದಾವೆ ಹೂಡಿದರೆ ಕೋರ್ಟುಗಳು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದೂ ಹೇಳಿದೆ.

ಇನ್ನೊಂದು ಕಾರಣವೂ ಇದೆ. ಸಹಿ ಒಪ್ಪಿಕೊಂಡ ಸಾಲಗಾರ ಮುಂದೆ ಎತ್ತುವ ಪ್ರಶ್ನೆ ‘ಇಷ್ಟು ಹಣ ಕೊಡುವ ತಾಕತ್ತು ಇವರಿಗೆಲ್ಲಿತ್ತು?’ ಎಂಬುದು. ಕರ್ನಾಟಕದಿಂದ ಹೋದ ಒಂದು ಚೆಕ್ ಪ್ರಕರಣದಲ್ಲಿ 2019ರಲ್ಲಿ ಸುಪ್ರೀಂ ಕೋರ್ಟ್ ಆರೋಪಿಯನ್ನು ಬಿಡುಗಡೆ ಮಾಡಿದ್ದು ಇದೇ ಅಂಶದ ಮೇಲೆ: ದೂರುದಾರ ತನ್ನ ಹಣಕಾಸಿನ ಶಕ್ತಿಯನ್ನು ತೋರಿಸಲಾಗಲಿಲ್ಲ. ಬ್ಯಾಂಕಿನ ಸ್ಟೇಟ್‌ಮೆಂಟಿನ ಒಂದು ಸಾಲು ಆ ಪ್ರಶ್ನೆಯನ್ನೇ ಮುಗಿಸಿಬಿಡುತ್ತದೆ.

ಬೇಡಿಕೆ ಪ್ರೋನೋಟು

ಅಂಗಡಿಗಳಲ್ಲಿ ‘ಆನ್ ಡಿಮ್ಯಾಂಡ್ ಪ್ರಾಮಿಸರಿ ನೋಟು’ ಎಂದು ಅಚ್ಚಾದ ಪುಸ್ತಕ ಸಿಗುತ್ತದೆ. ಮೇಲರ್ಧ ನೋಟು, ಕೆಳಗರ್ಧ ಪ್ರತಿಫಲ ರಸೀದಿ (ಸಾಲದ ಹಣ ಸಂದಿದೆ ಎಂಬ ರಸೀದಿ). ಅಚ್ಚಿನದ್ದೇ ಆಗಬೇಕೆಂದಿಲ್ಲ, ಬಿಳಿ ಹಾಳೆಯಲ್ಲಿ ಕೈಯಿಂದ ಬರೆದರೂ ಸಿಂಧು. 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಮುಂದೆ ಬರೀ ಕಲಂ ಸಂಖ್ಯೆ ಬಂದಲ್ಲೆಲ್ಲ ಇದೇ ಕಾಯ್ದೆ) 4ನೇ ಕಲಂ ಕೇಳುವುದು ಇಷ್ಟೇ: ಬರಹದಲ್ಲಿರಬೇಕು, ಷರತ್ತಿಲ್ಲದ ವಾಗ್ದಾನ ಇರಬೇಕು, ಮೊತ್ತ ಖಚಿತವಾಗಿರಬೇಕು, ಕೊಡುವುದು ಹಣ ಮಾತ್ರ ಆಗಿರಬೇಕು, ಯಾರಿಗೆ ಎಂಬುದು ಸ್ಪಷ್ಟವಿರಬೇಕು, ಸಹಿ ಇರಬೇಕು. ಒಂದು ಮಾದರಿ:

> ಸ್ಥಳ: ಹಾವೇರಿ, ದಿನಾಂಕ: ________
> ರೂ. 1,50,000/-
> (ಹೆಸರು, ತಂದೆಯ ಹೆಸರು, ವಯಸ್ಸು, ವಿಳಾಸ) ಆದ ನಾನು, (ಸಾಲ ಕೊಟ್ಟವರ ಹೆಸರು, ವಿಳಾಸ) ಇವರಿಗೆ ಅಥವಾ ಇವರು ಆದೇಶಿಸಿದವರಿಗೆ, ಕೇಳಿದ ಕೂಡಲೇ, ರೂ. 1,50,000 (ಒಂದು ಲಕ್ಷದ ಐವತ್ತು ಸಾವಿರ ರೂಪಾಯಿ ಮಾತ್ರ) ಹಾಗೂ ಅದರ ಮೇಲೆ ಈ ದಿನದಿಂದ ವರ್ಷಕ್ಕೆ ಶೇ. 12ರಂತೆ ಬಡ್ಡಿ ಸೇರಿಸಿ ಕೊಡುತ್ತೇನೆಂದು ವಾಗ್ದಾನ ಮಾಡುತ್ತೇನೆ. ಇದರ ಪ್ರತಿಫಲ ನನಗೆ ಸಂದಿದೆ.
> (ರೆವಿನ್ಯೂ ಸ್ಟ್ಯಾಂಪಿನ ಮೇಲೆ ಹಾಯುವಂತೆ ಸಹಿ)

ಕೆಳಗಿನ ರಸೀದಿಯಲ್ಲಿ ಹಣ ಯಾವ ಖಾತೆಯಿಂದ ಯಾವ ಖಾತೆಗೆ, ಯಾವ ದಿನ ಹೋಯಿತು, ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ ಎಷ್ಟು ಎಂದು ಬರೆದು, ಅಲ್ಲೂ ಒಂದು ರೆವಿನ್ಯೂ ಸ್ಟ್ಯಾಂಪ್ ಅಂಟಿಸಿ ಸಹಿ ತೆಗೆದುಕೊಳ್ಳಿ. 5,000 ರೂಪಾಯಿ ಮೀರಿದ ರಸೀದಿಗೆ ಅದು ಬೇಕೇ ಬೇಕು.

ಬೇಡಿಕೆ ನೋಟಿನ ದೊಡ್ಡ ಅನುಕೂಲ ಅದರ ಮುದ್ರಾಂಕ ಶುಲ್ಕ. ಈ ಶುಲ್ಕ ನಿಗದಿ ಮಾಡುವುದು ಕೇಂದ್ರದ ಅಧಿಕಾರ, ಹಾಗಾಗಿ ಬೀದರಿಗೂ ಮೈಸೂರಿಗೂ ಮುಂಬೈಗೂ ಒಂದೇ ದರ. ಅದೂ ಪೈಸೆಗಳ ಲೆಕ್ಕದಲ್ಲಿದೆ, ಸಾಲ ಕೋಟಿಯದ್ದಾದರೂ ರೂಪಾಯಿ ಮುಟ್ಟುವುದಿಲ್ಲ. ಒಂದು ರೂಪಾಯಿಯ ರೆವಿನ್ಯೂ ಸ್ಟ್ಯಾಂಪ್ ಧಾರಾಳ. ಆದರೆ ಆ ಒಂದು ರೂಪಾಯಿ ತಪ್ಪಿದರೆ ಬೇರೆ ಪತ್ರಗಳಿಗಿರುವ ಪರಿಹಾರ ಇದಕ್ಕಿಲ್ಲ. ಕರಾರು ಪತ್ರಕ್ಕೆ ಶುಲ್ಕ ಕಡಿಮೆಯಾಗಿದ್ದರೆ ದಂಡ ಕಟ್ಟಿ ಸಾಕ್ಷ್ಯಕ್ಕೆ ತರಬಹುದು. ಸ್ಟ್ಯಾಂಪಿಲ್ಲದ ಪ್ರೋನೋಟನ್ನು ಯಾವ ದಂಡ ಕಟ್ಟಿದರೂ ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವಂತಿಲ್ಲ. ಸ್ಟ್ಯಾಂಪ್ ಅಂಟಿಸಿದರೂ ಅದನ್ನು ರದ್ದು ಮಾಡದಿದ್ದರೆ, ಎಂದರೆ ಸಹಿ ಅರ್ಧ ಸ್ಟ್ಯಾಂಪಿನ ಮೇಲೂ ಅರ್ಧ ಕಾಗದದ ಮೇಲೂ ಹಾಯ್ದಿರದಿದ್ದರೆ, ಸ್ಟ್ಯಾಂಪೇ ಇಲ್ಲ ಎಂದೇ ಲೆಕ್ಕ. ಸಹಿ ಒಂದು ಮೂಲೆಯಲ್ಲಿ, ಸ್ಟ್ಯಾಂಪ್ ಇನ್ನೊಂದು ಮೂಲೆಯಲ್ಲಿ ಹೊಚ್ಚ ಹೊಸದಾಗಿ ಕೂತಿರುವ ನೋಟುಗಳು ಕಡಿಮೆಯೇನಲ್ಲ. ‘ಸ್ಟ್ಯಾಂಪ್ ಆಮೇಲೆ ಅಂಟಿಸೋಣ’ ಎನ್ನುವುದೂ ಆಗದು. ಸಹಿಗೆ ಮೊದಲು ಅಥವಾ ಸಹಿಯ ಹೊತ್ತಿಗೇ ಅಂಟಿರಬೇಕು.

ಎರಡನೇ ಅನುಕೂಲ 118ನೇ ಕಲಮಿನದ್ದು. ಸಹಿ ರುಜುವಾತಾದರೆ ಹಣ ಸಂದಿದೆ ಎಂದೇ ಕೋರ್ಟು ಊಹಿಸುತ್ತದೆ, ಸಂದಿಲ್ಲ ಎಂದು ತೋರಿಸುವ ಹೊಣೆ ಸಾಲಗಾರನದು. ಸಹಿಯನ್ನೇ ಅಲ್ಲಗಳೆದರೆ ಈ ಊಹೆಗೆ ನೆಲೆಯಿಲ್ಲ. ಅದಕ್ಕಾಗಿ ಬರೀ ಸಹಿಗಿಂತ, ಸಾಲಗಾರನೇ ತನ್ನ ಕೈಯಿಂದ ಮೊತ್ತವನ್ನು ಅಕ್ಷರದಲ್ಲಿ ಬರೆದು ಪೂರ್ತಿ ಹೆಸರನ್ನೂ ಬರೆಯುವುದು ಒಳ್ಳೆಯದು. ಹೆಬ್ಬೆಟ್ಟು ಒತ್ತುವವರಾದರೆ ‘ಓದಿ ಹೇಳಲಾಗಿದೆ, ಒಪ್ಪಿದ್ದಾರೆ’ ಎಂದು ಬರೆದು ಬಿಕ್ಕಲಂ (ಪತ್ರ ಬರೆದವರ ಹೆಸರು, ಸಹಿ) ಹಾಕಿಸಿ.

ನೋಟು ಕೆಡುವುದು ಹೆಚ್ಚಾಗಿ ಒಳ್ಳೆಯ ಮನಸ್ಸಿನಿಂದ ಸೇರಿಸಿದ ಮಾತುಗಳಿಂದ. ‘ಅಡಿಕೆ ಮಾರಿದ ಮೇಲೆ ಕೊಡುತ್ತೇನೆ’, ‘ಸೈಟು ವಿಲೇವಾರಿಯಾದಾಗ ತೀರಿಸುತ್ತೇನೆ’ ಎಂದು ಬರೆದರೆ ಅದು ಷರತ್ತು, ಪ್ರೋನೋಟು ಅಲ್ಲ. ಕಾಯ್ದೆಯೇ ಕೊಡುವ ಉದಾಹರಣೆಗಳಲ್ಲಿ ‘ನನ್ನ ಮದುವೆಯಾದ ಏಳು ದಿನಕ್ಕೆ 500 ರೂಪಾಯಿ ಕೊಡುತ್ತೇನೆ’ ಎಂಬುದು ಬರುತ್ತದೆ, ಅದು ನಡೆಯದು. 500 ರೂಪಾಯಿಯ ಜೊತೆ ‘ನನ್ನ ಕಪ್ಪು ಕುದುರೆಯನ್ನೂ ಕೊಡುತ್ತೇನೆ’ ಎಂದರೂ ನಡೆಯದು. ‘ಇದಲ್ಲದೆ ಬರಬೇಕಾದ ಇತರ ಬಾಕಿಯನ್ನೂ ಕೊಡುತ್ತೇನೆ’ ಎಂದರೆ ಮೊತ್ತ ಖಚಿತವಲ್ಲ, ಅದೂ ನಡೆಯದು. ‘ಇದನ್ನು ಹೊಂದಿರುವವರಿಗೆ ಕೊಡುತ್ತೇನೆ’ ಎಂದು ಮಾತ್ರ ಎಂದೂ ಬರೆಯಬೇಡಿ. ಹೊಂದಿದವರಿಗೆಲ್ಲ ಸಲ್ಲುವ ಪ್ರಾಮಿಸರಿ ನೋಟನ್ನು ಹೊರಡಿಸಲು ರಿಸರ್ವ್ ಬ್ಯಾಂಕ್ ಮತ್ತು ಕೇಂದ್ರ ಸರ್ಕಾರಕ್ಕೆ ಮಾತ್ರ ಅವಕಾಶ. ನಿಮ್ಮ ಜೇಬಿನ ನೂರರ ನೋಟಿನ ಮೇಲೆ ಗವರ್ನರರ ಸಹಿಯ ಜೊತೆ ಇರುವ ವಾಗ್ದಾನ ಆ ಜಾತಿಯದ್ದು.

ಸಾಕ್ಷಿ ಹಾಕಿದರೆ ಬಂದೊದಗುವ ತೊಡಕು

ಸಾಕ್ಷಿ ಇದ್ದಷ್ಟೂ ಗಟ್ಟಿ ಎಂಬ ನಂಬಿಕೆ ಪ್ರೋನೋಟಿಗೆ ಒಗ್ಗುವುದಿಲ್ಲ. ಮುದ್ರಾಂಕ ಕಾಯ್ದೆಯ ಪ್ರಕಾರ, ಸಾಕ್ಷಿಯ ಸಹಿ ಇದ್ದು, ‘ಆದೇಶಿಸಿದವರಿಗೆ’ ಸಲ್ಲುವಂತೆ ಇಲ್ಲದ ಹಣದ ಕಟ್ಟುಪಾಡು ‘ಬಾಂಡ್’ ಎನಿಸಿಕೊಳ್ಳುತ್ತದೆ. ಬಾಂಡ್‌ಗೆ ಶುಲ್ಕ ಹೆಚ್ಚು, ರಾಜ್ಯದ ದರ ಅನ್ವಯ. ಎದುರು ಪಕ್ಷದ ವಕೀಲರು ವಿಚಾರಣೆಯ ನಡುವೆ ಆಕ್ಷೇಪ ಎತ್ತಿದರೆ ಬಾಕಿ ಶುಲ್ಕದ ಜೊತೆ ಹತ್ತು ಪಟ್ಟು ದಂಡ ಕಟ್ಟುವ ತನಕ ಪತ್ರ ಮುಂದೆ ಹೋಗುವುದಿಲ್ಲ. ದಾರಿ ಸುಲಭ: ನೋಟಿನ ಭಾಗದಲ್ಲಿ ಸಾಕ್ಷಿಯ ಸಹಿಯೇ ಬೇಡ (ಕಾಯ್ದೆ ಕೇಳುವುದೂ ಇಲ್ಲ), ‘ಅಥವಾ ಇವರು ಆದೇಶಿಸಿದವರಿಗೆ’ ಎಂಬ ಪದಗಳು ಬಿಟ್ಟುಹೋಗಬಾರದು. ಸಾಕ್ಷಿಗಳು ಬೇಕೇ ಬೇಕೆಂದರೆ ಕೆಳಗಿನ ಪ್ರತಿಫಲ ರಸೀದಿಗೆ ಸಹಿ ಹಾಕಲಿ. ಅಚ್ಚಿನ ನಮೂನೆ ಎರಡು ಭಾಗವಾಗಿರುವುದರ ಉಪಯೋಗ ಇದು.

ಜಾಮೀನಿಗೆ ಅಣ್ಣನೋ ಭಾವನೋ ಬರುತ್ತೇನೆಂದರೆ ಸಾಕ್ಷಿಯ ಜಾಗದಲ್ಲಿ ಅವರ ಸಹಿ ಹಾಕಿಸಿ ತೃಪ್ತರಾಗಬೇಡಿ. ಸಾಕ್ಷಿಗೆ ತೀರಿಸುವ ಹೊಣೆಯಿಲ್ಲ. ‘ನಾವಿಬ್ಬರೂ ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ’ ಎಂದು ಬರೆಸಿ, ಇಬ್ಬರನ್ನೂ ನೋಟು ಬರೆದುಕೊಟ್ಟವರನ್ನಾಗಿ ಮಾಡಿ.

ಗಡುವು ಹಾಕಿದ ಪ್ರೋನೋಟು

ನಮ್ಮ ಸಲಹೆ: ಬೇಡ. ‘ಇಂದಿನಿಂದ ಆರು ತಿಂಗಳಿಗೆ ಕೊಡುತ್ತೇನೆ’ ಎಂದು ಬರೆದ ಕೂಡಲೇ ಅದು ಬೇಡಿಕೆ ನೋಟಲ್ಲ, ಮುದ್ರಾಂಕ ಶುಲ್ಕ ಮೊತ್ತಕ್ಕೂ ಅವಧಿಗೂ ತಕ್ಕಂತೆ ಏರುತ್ತದೆ. ಲಕ್ಷಗಳ ಸಾಲಕ್ಕೆ ಒಂದು ರೂಪಾಯಿಯ ಸ್ಟ್ಯಾಂಪ್ ಸಾಲದು. ಸ್ಟ್ಯಾಂಪ್ ಕಡಿಮೆಯಾದರೂ ಮೇಲೆ ಹೇಳಿದಂತೆ ಅದು ದಂಡದಿಂದಲೂ ಸರಿಯಾಗದ ದೋಷ. ಆಗ ಉಳಿಯುವ ದಾರಿ ನೋಟನ್ನು ಬದಿಗಿಟ್ಟು ಮೂಲ ಸಾಲದ ಮೇಲೆ ದಾವೆ ಹೂಡುವುದು. ಅದಕ್ಕೆ ಬ್ಯಾಂಕ್ ದಾಖಲೆ ಇದ್ದವರು ಬಚಾವ್. ಆರು ತಿಂಗಳು ಕೇಳಬಾರದು ಎಂಬ ಒಪ್ಪಂದ ಇದ್ದರೆ ಕರಾರು ಪತ್ರ ಮಾಡಿಕೊಳ್ಳಿ.

ಕರಾರು ಪತ್ರ

ಪ್ರೋನೋಟು ಹೊರಲಾರದ ಮಾತುಗಳಿಗೆಲ್ಲ ಇಲ್ಲಿ ಜಾಗವಿದೆ. 24 ಕಂತು, ತಿಂಗಳ 10ರೊಳಗೆ ಪಾವತಿ, ಎರಡು ಕಂತು ಸತತ ತಪ್ಪಿದರೆ ಪೂರ್ತಿ ಬಾಕಿ ಒಮ್ಮೆಗೇ ಕೊಡಬೇಕು, ಕಟ್ಟಿದ ಹಣ ಮೊದಲು ಬಡ್ಡಿಗೋ ಅಸಲಿಗೋ, ಸಾಲ ಯಾವ ಕೆಲಸಕ್ಕೆ, ನೋಟಿಸು ಯಾವ ವಿಳಾಸಕ್ಕೆ, ಜೊತೆಗೆ ಕೊಟ್ಟ ಚೆಕ್ಕಿನ ಸಂಖ್ಯೆ ಏನು. ‘ಎರಡು ಕಂತು ತಪ್ಪಿದರೆ’ ಎಂಬ ಸಾಲನ್ನು ಮರೆತವರು ಪ್ರತಿ ಕಂತಿಗೂ ಕಾದು, ಬಾಕಿಯಾದಷ್ಟಕ್ಕೆ ಮಾತ್ರ ದಾವೆ ಹೂಡಬೇಕಾಗುತ್ತದೆ.

ಶುಲ್ಕ ರಾಜ್ಯದ್ದು. 2024ರಲ್ಲಿ ಕರ್ನಾಟಕದಲ್ಲಿ ಹಲವು ಬಗೆಯ ಪತ್ರಗಳ ಮುದ್ರಾಂಕ ಶುಲ್ಕ ಏರಿದೆ. ಹಳೆಯ ರೂಢಿಯಂತೆ 20 ಅಥವಾ 100 ರೂಪಾಯಿಯ ಕಾಗದದಲ್ಲಿ ಬರೆದುಕೊಡುವ ಟೈಪಿಸ್ಟರನ್ನು ನಂಬದೆ, ಪತ್ರದ ಬಗೆ ಹೇಳಿ ಉಪನೋಂದಣಿ ಕಚೇರಿಯಲ್ಲಿ ಅಂದಿನ ದರ ಕೇಳಿಕೊಳ್ಳಿ. ಸಿಂಧುವಾಗಲು ನೋಟರಿ ಬೇಕಿಲ್ಲ, ಸಹಿ ಗುರುತಿಸಲು ನೆರವಾಗುತ್ತದೆ ಅಷ್ಟೇ. 118ನೇ ಕಲಮಿನ ಊಹೆ ಕರಾರು ಪತ್ರಕ್ಕಿಲ್ಲ. ಹಣ ಕೊಟ್ಟಿದ್ದನ್ನು ನೀವೇ ರುಜುವಾತು ಮಾಡಬೇಕು. ಖಚಿತ ಮೊತ್ತಕ್ಕಾದರೆ, ಪ್ರೋನೋಟಿನಂತೆ ಬರಹದ ಕರಾರಿಗೂ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 37ರ ಸಂಕ್ಷಿಪ್ತ ದಾವೆ ಲಭ್ಯ. ಅದರಲ್ಲಿ ಪ್ರತಿವಾದಿ ಸಮನ್ಸ್ ತಲುಪಿದ 10 ದಿನದೊಳಗೆ ಹಾಜರಾಗಬೇಕು, ವಾದ ಮಾಡಲು ಕೋರ್ಟಿನ ಅನುಮತಿಯನ್ನೂ ಪಡೆಯಬೇಕು.

ಚೆಕ್

ಜನ ಚೆಕ್ ಕೇಳುವುದು ಜೈಲಿನ ಭಯಕ್ಕೆ. 138ನೇ ಕಲಮಿನಡಿ ಎರಡು ವರ್ಷದವರೆಗೆ ಸಜೆ ಅಥವಾ ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ದಂಡ ಅಥವಾ ಎರಡೂ ಆಗಬಹುದು. ಪ್ರೋನೋಟು ತೀರಿಸದವನ ಮೇಲೆ ಇಂಥ ಕ್ರಿಮಿನಲ್ ಕೇಸಿಲ್ಲ. ದೂರನ್ನು ನಿಮ್ಮ ಖಾತೆಯಿರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. ವಿಚಾರಣೆ ನಡೆಯುವಾಗ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಲು ಕೋರ್ಟಿಗೆ ಅಧಿಕಾರವಿದೆ, ಕೊಡಿಸಲೇಬೇಕು ಎಂದೇನಿಲ್ಲ.

ಆದರೆ ಚೆಕ್ಕಿನ ಕೇಸು ದಿನಗಳ ಲೆಕ್ಕದ ಮೇಲೆ ನಿಂತಿದೆ. ಚೆಕ್ಕಿನ ಮೇಲಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಬೌನ್ಸ್ ಆದ ಮಾಹಿತಿ ಬಂದ 30 ದಿನದೊಳಗೆ ಲಿಖಿತ ನೋಟಿಸು ಕಳಿಸಬೇಕು. ನೋಟಿಸು ತಲುಪಿದ ಮೇಲೆ ಅವರಿಗೆ 15 ದಿನ ಸಮಯ. ಅದು ಮುಗಿದ ಮೇಲೆ ಒಂದು ತಿಂಗಳೊಳಗೆ ದೂರು. ಹದಿನೈದು ದಿನ ತುಂಬುವ ಮೊದಲೇ ಹಾಕಿದ ದೂರು ನಿಲ್ಲದು. ನೋಟಿಸಿನ 30 ದಿನ ತಪ್ಪಿಹೋದರೆ, ಮೂರು ತಿಂಗಳ ಅವಧಿ ಉಳಿದಿದ್ದಲ್ಲಿ ಚೆಕ್ಕನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕಿ ಹೊಸದಾಗಿ ಎಣಿಕೆ ಶುರುಮಾಡಬಹುದು.

ಭದ್ರತೆಗೆಂದು ಕೊಟ್ಟ ಚೆಕ್ಕಿಗೂ ಈ ಕಲಂ ಅನ್ವಯಿಸುತ್ತದೆ, ಸಾಲದ ಗಡುವು ಬಂದಿರಬೇಕು ಅಷ್ಟೇ. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಖಾಲಿ ಚೆಕ್ಕಿಗೂ ಅನ್ವಯಿಸುತ್ತದೆ ಎಂದು 2019ರ ತೀರ್ಪಿದೆ. ಎಡವುವುದು ಬೇರೆ ಕಡೆ. ಐದು ಲಕ್ಷಕ್ಕೆ ಚೆಕ್ ಕೊಟ್ಟ ಮೇಲೆ ಸಾಲಗಾರ ಎರಡು ಲಕ್ಷ ತೀರಿಸಿದ್ದಾನೆ, ಆದರೂ ಅದೇ ಐದು ಲಕ್ಷದ ಚೆಕ್ಕನ್ನು ಹಾಗೇ ಬ್ಯಾಂಕಿಗೆ ಹಾಕಿದರೆ 138ರ ಕೇಸು ಬೀಳುತ್ತದೆ. 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಬಂದ ಹಣವನ್ನು ಚೆಕ್ಕಿನ ಮೇಲೆ ಷರಾ ಬರೆದು ಬಾಕಿಗಷ್ಟೇ ಹಾಕಬೇಕು, ಅಥವಾ ಹಳೆಯ ಚೆಕ್ ಹಿಂದಿರುಗಿಸಿ ಬಾಕಿಯ ಮೊತ್ತಕ್ಕೆ ಹೊಸದನ್ನು ಪಡೆಯಬೇಕು. ಕಂತಿನ ಸಾಲಕ್ಕೆ ಒಂದೇ ದೊಡ್ಡ ಚೆಕ್ಕಿಗಿಂತ ಕಂತಿಗೊಂದು ಚೆಕ್ ಮೇಲು ಎನ್ನುವುದು ಇದಕ್ಕೇ.

ಆಧಾರ ಪತ್ರ, ವಾಟ್ಸ್ಆ್ಯಪ್ ಮಾತು

ಮೊತ್ತ ದೊಡ್ಡದಿದ್ದು ಸಾಲಗಾರನಿಗೆ ಮನೆ, ಸೈಟು ಇದ್ದರೆ ನೋಂದಾಯಿತ ಆಧಾರ ಪತ್ರವೇ ಸರಿ. ಇಬ್ಬರು ಸಾಕ್ಷಿಗಳು ಇಲ್ಲಿ ಕಡ್ಡಾಯ. ಶುಲ್ಕವೂ ಓಡಾಟವೂ ಹೆಚ್ಚು, ಆದರೆ ಉಳಿದ ಪತ್ರಗಳಿಗೆ ಮೂರು ವರ್ಷದ ಕಾಲಮಿತಿ ಇರುವಲ್ಲಿ ಇದಕ್ಕೆ 12 ವರ್ಷ, ಆಸ್ತಿಯೂ ಹಿಡಿತದಲ್ಲಿರುತ್ತದೆ. ‘ಅಸಲಿ ಕ್ರಯಪತ್ರ ನನ್ನ ಹತ್ತಿರ ಇಟ್ಟಿದ್ದಾರೆ’ ಎಂದು ನೆಮ್ಮದಿಯಿಂದ ಕೂರಬೇಡಿ. ಹಕ್ಕುಪತ್ರ ಒಪ್ಪಿಸಿ ಮಾಡುವ ಅಡಮಾನ ಸರ್ಕಾರ ಅಧಿಸೂಚನೆ ಹೊರಡಿಸಿದ ಪಟ್ಟಣಗಳಲ್ಲಿ ಒಪ್ಪಿಸಿದರೆ ಮಾತ್ರ ನಡೆಯುತ್ತದೆ.

‘ಇಷ್ಟು ಕೊಡಬೇಕಿದೆ, ಮುಂದಿನ ತಿಂಗಳು ಹಾಕ್ತೀನಿ’ ಎಂಬ ವಾಟ್ಸ್ಆ್ಯಪ್ ಸಂದೇಶ ಪ್ರೋನೋಟು ಅಲ್ಲ. ವ್ಯಕ್ತಿಗಳ ನಡುವಿನ ಪ್ರೋನೋಟು ಇನ್ನೂ ಕಾಗದದಲ್ಲೇ ಇರಬೇಕು, ಎಲೆಕ್ಟ್ರಾನಿಕ್ ಬೇಡಿಕೆ ನೋಟಿನ ಅವಕಾಶ ಇರುವುದು ಆರ್‌ಬಿಐನಂಥ ನಿಯಂತ್ರಕರ ಅಧೀನದ ಸಂಸ್ಥೆಗಳಿಗೆ. ಸಂದೇಶವನ್ನು ಅಳಿಸದೆ ಇಟ್ಟುಕೊಳ್ಳಿ, ಎಲೆಕ್ಟ್ರಾನಿಕ್ ದಾಖಲೆಗೆ ಬೇಕಾದ ಪ್ರಮಾಣಪತ್ರದೊಂದಿಗೆ ಪೂರಕ ಸಾಕ್ಷ್ಯವಾಗುತ್ತದೆ.

ಬಡ್ಡಿ ಬರೆಯುವ ಬಗೆ

ಊರಿನ ಮಾತಿನಲ್ಲಿ ‘ಎರಡು ರೂಪಾಯಿ ಬಡ್ಡಿ’ ಎಂದರೆ ನೂರಕ್ಕೆ ತಿಂಗಳಿಗೆ ಎರಡು, ವರ್ಷಕ್ಕೆ ಶೇ. 24. ಪತ್ರದಲ್ಲಿ ಬರೀ ‘ಶೇ. 2 ಬಡ್ಡಿ’ ಎಂದು ಬರೆದು ತಿಂಗಳಿಗೋ ವರ್ಷಕ್ಕೋ ಹೇಳದಿದ್ದರೆ ಸಾಲಗಾರನ ವಕೀಲರು ವರ್ಷಕ್ಕೆ ಎಂದೇ ವಾದಿಸುತ್ತಾರೆ. ಒಂದು ಲಕ್ಷಕ್ಕೆ ಮೂರು ವರ್ಷದಲ್ಲಿ 72,000 ಎಲ್ಲಿ, 6,000 ಎಲ್ಲಿ! ಪ್ರೋನೋಟಿನಲ್ಲಿ ಬಡ್ಡಿ ದರವನ್ನೇ ಬರೆಯದಿದ್ದರೆ, ಹಣ ಕೊಡಬೇಕಾಗಿದ್ದ ದಿನದಿಂದ ವರ್ಷಕ್ಕೆ ಶೇ. 18 ಎಂದು 80ನೇ ಕಲಂ ಹೇಳುತ್ತದೆ.

ಕರ್ನಾಟಕದಲ್ಲಿ ಲೇವಾದೇವಿಗಾರರಿಗೆ ಸರ್ಕಾರ ನಿಗದಿ ಮಾಡಿದ ಗರಿಷ್ಠ ದರ ಭದ್ರತೆಯಿರುವ ಸಾಲಕ್ಕೆ ವರ್ಷಕ್ಕೆ ಶೇ. 14, ಇಲ್ಲದ ಸಾಲಕ್ಕೆ ಶೇ. 16. ಅದನ್ನು ಮೀರಿದರೆ 2004ರ ಮಿತಿಮೀರಿದ ಬಡ್ಡಿ ನಿಷೇಧ ಕಾಯ್ದೆಯ ತೊಡಕೂ ಬರುತ್ತದೆ. ನೆಂಟರಿಗೆ ಒಮ್ಮೆ ಕೊಟ್ಟ ಕೈಸಾಲ ಲೇವಾದೇವಿಯಲ್ಲ. ಆದರೆ ಹತ್ತಾರು ಜನರ ಪ್ರೋನೋಟು ಕಟ್ಟಿಟ್ಟುಕೊಂಡು ಬಡ್ಡಿ ವ್ಯವಹಾರ ಮಾಡುವವರಿಗೆ 1961ರ ಲೇವಾದೇವಿಗಾರರ ಕಾಯ್ದೆಯಡಿ ಲೈಸೆನ್ಸ್ ಬೇಕು, ಇಲ್ಲದಿದ್ದರೆ ಪತ್ರ ಎಷ್ಟೇ ಚೊಕ್ಕವಾಗಿದ್ದರೂ ದಾವೆ ವಜಾ. ಪತ್ರದಲ್ಲಿ ಶೇ. 12 ಬರೆಸಿ ಕೈಯಲ್ಲಿ ಮೂರು ರೂಪಾಯಿ ಬಡ್ಡಿ ವಸೂಲು ಮಾಡುವವರು, ಸಾಲಗಾರ ಯುಪಿಐ ಪಾವತಿಗಳ ಪಟ್ಟಿ ತಂದಿಟ್ಟ ದಿನ ಉತ್ತರ ಹುಡುಕಬೇಕಾಗುತ್ತದೆ.

ಮೂರು ವರ್ಷದ ಲೆಕ್ಕ

ಬೇಡಿಕೆ ನೋಟಿನ ಮೂರು ವರ್ಷ ಎಣಿಸುವುದು ನೀವು ಹಣ ಕೇಳಿದ ದಿನದಿಂದಲ್ಲ, ನೋಟಿನ ತಾರೀಖಿನಿಂದ. ‘ನಾನಿನ್ನೂ ಕೇಳೇ ಇಲ್ಲ, ಅವಧಿ ಹೇಗೆ ಮುಗಿಯುತ್ತದೆ?’ ಎನ್ನುವವರ ನೋಟುಗಳು ಹೀಗೇ ಸತ್ತುಹೋಗುತ್ತವೆ. ಅವಧಿ ಹೊಸದಾಗಬೇಕಾದರೆ ಮೂರು ವರ್ಷ ತುಂಬುವುದಕ್ಕೆ ಮೊದಲೇ ಸಾಲಗಾರ ಬಾಕಿಯನ್ನು ಒಪ್ಪಿ ಸಹಿ ಮಾಡಬೇಕು, ಇಲ್ಲವೇ ಬಡ್ಡಿಗೋ ಅಸಲಿಗೋ ಒಂದಿಷ್ಟು ಕಟ್ಟಿ ಅದನ್ನು ತನ್ನ ಬರಹ ಅಥವಾ ಸಹಿಯಲ್ಲಿ ದಾಖಲಿಸಬೇಕು. ನೋಟಿನ ಬೆನ್ನಿಗೆ ‘ಈ ದಿನ ಬಡ್ಡಿ ಬಾಬ್ತು ರೂ. 9,000 ಪಾವತಿ ಮಾಡಿದ್ದೇನೆ, ಬಾಕಿ ಅಸಲು ರೂ. 1,50,000’ ಎಂದು ತಾರೀಖು ಹಾಕಿ ಬರೆದ ಷರಾ ಸಾಕು. ಸಾಲ ಕೊಟ್ಟವರೇ ಬರೆದುಕೊಂಡ ಷರಾಕ್ಕೆ, ಸಾಲಗಾರನ ಸಹಿ ಇಲ್ಲದಿದ್ದರೆ, ಬೆಲೆಯಿಲ್ಲ. ಅವಧಿ ಮುಗಿದಿದ್ದರೂ ಸಾಲಗಾರ ಮನಸ್ಸು ಮಾಡಿ ಹಳೆಯ ಬಾಕಿಗೆ ಹೊಸ ಪ್ರೋನೋಟು ಬರೆದುಕೊಟ್ಟರೆ ಅದು ಸಿಂಧು.

ಬರೆದುಕೊಡುವವರು ನೋಡಬೇಕಾದ್ದು

ಸ್ಟ್ಯಾಂಪ್ ಅಂಟಿಸಿದ ಖಾಲಿ ಹಾಳೆಗೆ ಸಹಿ ಮಾಡಿಕೊಟ್ಟರೆ, ಆ ಸ್ಟ್ಯಾಂಪಿಗೆ ಒಳಪಡುವ ಮೊತ್ತ ತುಂಬಿಕೊಳ್ಳುವ ಅಧಿಕಾರವನ್ನು 20ನೇ ಕಲಂ ಪತ್ರ ಪಡೆದವರಿಗೆ ಕೊಡುತ್ತದೆ. ಬೇಡಿಕೆ ನೋಟಿನ ಶುಲ್ಕ ಮೊತ್ತ ಎಷ್ಟಾದರೂ ರೂಪಾಯಿ ಮುಟ್ಟುವುದಿಲ್ಲವಾದ್ದರಿಂದ ಆ ಮಿತಿ ಹೆಸರಿಗೆ ಮಾತ್ರ. ಚೀಟಿ ಎತ್ತುವಾಗ, ಸೊಸೈಟಿಯಲ್ಲಿ ಸಾಲ ಪಡೆಯುವಾಗ ಕಂತೆ ಕಾಗದಕ್ಕೆ ಸಹಿ ಹಾಕಿಸುವ ಹೊತ್ತಿನಲ್ಲಿ ಮೊತ್ತ, ತಾರೀಖು, ಬಡ್ಡಿಯ ಜಾಗಗಳನ್ನಾದರೂ ತುಂಬಿಸಿ, ಪ್ರತಿ ಪುಟದ ಫೋಟೊ ತೆಗೆದುಕೊಳ್ಳಿ. ಸಹಿಯಾದ ನೋಟಿನ ಮೊತ್ತವನ್ನೋ ತಾರೀಖನ್ನೋ ನಿಮ್ಮ ಒಪ್ಪಿಗೆಯಿಲ್ಲದೆ ತಿದ್ದಿದರೆ ನೋಟೇ ಅಸಿಂಧುವಾಗುತ್ತದೆ. ತಿದ್ದಿದ್ದನ್ನು ತೋರಿಸಲು ಆ ಫೋಟೊ ಬೇಕಾಗುತ್ತದೆ.

ಸಾಲ ತೀರಿಸುವ ದಿನ ಹಣದ ಜೊತೆಗೇ ಅಸಲಿ ನೋಟನ್ನೂ ಚೆಕ್ಕನ್ನೂ ವಾಪಸು ಕೇಳುವುದು ನಿಮ್ಮ ಹಕ್ಕು. ‘ಎಲ್ಲೋ ಇಟ್ಟಿದ್ದೀನಿ, ಸಿಕ್ಕಾಗ ಕೊಡ್ತೀನಿ’ ಎಂಬ ಉತ್ತರ ಬಂದರೆ, ಇಂಥ ತಾರೀಖಿನ ಇಂಥ ಮೊತ್ತದ ನೋಟು ಕಳೆದಿದೆ, ಸಾಲ ಪೂರ್ತಿ ಚುಕ್ತಾ ಆಗಿದೆ, ಮುಂದೆ ಅದರ ಮೇಲೆ ಯಾರಾದರೂ ಹಣ ಕೇಳಿದರೆ ಅದರ ಹೊಣೆ ತನ್ನದು ಎಂದು ಚೆಕ್ ಸಂಖ್ಯೆ ಸಮೇತ ಬರೆಸಿ ಸಹಿ ಪಡೆದೇ ಕೊನೆಯ ಕಂತು ಕಳಿಸಿ.